ದೊಣ್ಣೆನಾಯಕ: ಒಂದು ಪದದ ಏಳುಬೀಳು

ಭಾಷೆಯು ಜನಜೀವನದ ಕನ್ನಡಿಯೆಂಬುದು ಬಹುಕಾಲದಿಂದ ಬಂದಿರುವ ಮಾತು. ಆ ಕನ್ನಡಿಯಲ್ಲಿ ಗ್ರಂಥಸ್ಥ ಪದಗಳಷ್ಟೇ ಅಲ್ಲ, ಬೀದಿಯ ಬೈಗುಳವೂ ಪ್ರತಿಬಿಂಬಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಅನೇಕ ವೇಳೆ ಮರೆಯುತ್ತಾರೆ. ತನ್ನನ್ನು ತಾನೇ ದೊಡ್ಡವನೆಂದು ಎಣಿಸಿ ಮೆರೆಯುವವನನ್ನು ಗ್ರಾಂಥಿಕ ಕನ್ನಡವು ಅಹಂಕಾರಿ, ಗರ್ವಿಷ್ಠ, ದುರಭಿಮಾನಿ ಎಂಬ ಸಭ್ಯ ಪದಗಳಿಂದ ಗುರುತಿಸುತ್ತದೆ. ಆದರೆ ಯಲ್ದೂರಿನಿಂದ ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿನಲ್ಲಾಗಲಿ, ಮಾವಿನ ಮಂಡಿಯಲ್ಲಾಗಲಿ, ನೀರಿನ ಸರದಿಯಲ್ಲಾಗಲಿ ಮಾತಿಗೆ ಮಾತು ಬೆಳೆದಾಗ ಈ ಪದಗಳಾವುವೂ ಯಾರ ಬಾಯಿಯಿಂದಲೂ ಹೊರಡುವುದಿಲ್ಲ. ಅಲ್ಲಿ ಕೇಳಿಬರುವುದು, “ಕೇಳೋಕೆ ನೀನ್ಯಾವ ದೊಣ್ಣೆನಾಯಕ?” ಎಂಬ ಪ್ರಶ್ನೆ.

ಈ ಪ್ರಶ್ನೆಯನ್ನು ಎಸೆಯುವವನಿಗೂ ಅದನ್ನು ಕೇಳಿಸಿಕೊಳ್ಳುವವನಿಗೂ ದೊಣ್ಣೆನಾಯಕನೆಂದರೆ ಯಾರೆಂಬುದು ತಿಳಿದಿರುವುದು ಅಪೂರ್ವ. ಕೈಯಲ್ಲಿ ದೊಣ್ಣೆ ಹಿಡಿದು ಜನರನ್ನು ಹೆದರಿಸುವ ಯಾವನೋ ಒಬ್ಬ ಪುಂಡನೆಂದು ಅನೇಕರು ಊಹಿಸುತ್ತಾರೆ. ವಾಸ್ತವವಾಗಿ ಈ ಪದದ ಹಿಂದೆ ಇರುವವನು ಪುಂಡನಲ್ಲ. ಕನ್ನಡನಾಡಿನ ಅರಸರ ಆಸ್ಥಾನಗಳಲ್ಲಿ ಅತ್ಯುನ್ನತ ಸ್ಥಾನವನ್ನು ಪಡೆದಿದ್ದ ಅಧಿಕಾರಿ. ಅಂತಹ ಗೌರವದ ಪದವು ಮೂದಲಿಕೆಯ ಮಾತಾಗಿ ಇಳಿದುದು ಹೇಗೆ, ಅದರಿಂದ ಕಲಿಯಬೇಕಾದುದೇನು ಎಂಬುದು ಈ ಪಾಠದ ವಿಷಯ.

1. ಮೂದಲಿಕೆಯ ಮೂರು ಮೂಲಗಳು

ಜಂಬಗಾರರನ್ನು ಕುರಿತ ಕನ್ನಡದ ಆಡುನುಡಿಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯ ವರ್ಗದ ಮಾತುಗಳು ದೇಹದಿಂದ ಹುಟ್ಟಿದವು. ‘ಬೀಗು’, ‘ಉಬ್ಬು’ ಎಂದರೆ ಊದಿಕೊಳ್ಳುವುದು. ‘ಕೊಬ್ಬು’ ಎಂದರೆ ಮೈಯಲ್ಲಿ ಬೆಳೆದ ನೆಣ. ‘ಸೊಕ್ಕು’ ಎಂದರೆ ಅಮಲು. “ಅವನಿಗೇನು ಕೊಂಬು ಬಂದಿದೆಯೇ?” ಎಂಬ ಮಾತಂತೂ ದನಕರುಗಳ ನಡುವೆ ಬಾಳಿದ ಒಕ್ಕಲು ಮಕ್ಕಳಿಗೆ ಸಹಜವಾದುದು. ಕೊಂಬು ಬಂದ ಹೋರಿ ಹಾಯಲು ಬರುತ್ತದೆ. ಮನುಷ್ಯನಿಗೆ ಕೊಂಬು ಬರುವುದಿಲ್ಲ. ಆದರೂ ಕೆಲವರು ಬಂದಂತೆಯೇ ವರ್ತಿಸುತ್ತಾರೆ.

ಎರಡನೆಯ ವರ್ಗದವು ಕಥೆಯಿಂದ ಬಂದವು. ವಿರಾಟಪರ್ವದ ಉತ್ತರಕುಮಾರನು ಅಂತಃಪುರದ ಹೆಂಗಳೆಯರ ಮುಂದೆ ಕೌರವಸೇನೆಯನ್ನು ಒಬ್ಬನೇ ಗೆಲ್ಲುವೆನೆಂದು ಕೊಚ್ಚಿಕೊಂಡನು. ರಣರಂಗದಲ್ಲಿ ಆ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಕುಮಾರವ್ಯಾಸನ ಕಾವ್ಯದ ವಾಚನದಿಂದ, ಹರಿಕಥೆಯಿಂದ, ಬಯಲುನಾಟಕಗಳಿಂದ ಈ ಕಥೆಯು ಓದುಬರಹವರಿಯದವರಿಗೂ ಪರಿಚಿತವಾಯಿತು. “ಉತ್ತರನ ಪೌರುಷ ಒಲೆಯ ಮುಂದೆ” ಎಂಬ ಗಾದೆಯು ಇದರ ಫಲ.

ಮೂರನೆಯ ವರ್ಗದವು ಅಧಿಕಾರದಿಂದ ಬಂದವು. ದರ್ಬಾರು, ದೌಲತ್ತು, ಪಾಳೇಗಾರಿಕೆ ಮೊದಲಾದ ಮಾತುಗಳು ಈ ಗುಂಪಿಗೆ ಸೇರುತ್ತವೆ. ಇವೆಲ್ಲವೂ ಒಂದು ಕಾಲದಲ್ಲಿ ಯಾವುದೋ ನಿಜವಾದ ಸ್ಥಾನವನ್ನೋ ಸಂಸ್ಥೆಯನ್ನೋ ಗುಣವನ್ನೋ ಸೂಚಿಸುತ್ತಿದ್ದವು. ಈ ವರ್ಗದ ಅಗ್ರಗಣ್ಯ ಪದವೇ ‘ದೊಣ್ಣೆನಾಯಕ’.

2. ಪದದ ರೂಪ

ಸಂಸ್ಕೃತದ ‘ದಂಡ’ ಶಬ್ದಕ್ಕೆ ಮೊದಲ ಅರ್ಥ ಕೋಲು. ಕೋಲಿನಿಂದ ಶಿಕ್ಷೆ ಕೊಡುವುದರಿಂದ ಅದಕ್ಕೆ ಶಿಕ್ಷೆಯೆಂಬ ಅರ್ಥ ಬಂದಿತು. ತಪ್ಪಿಗೆ ತೆರುವ ಹಣವನ್ನು ಇಂದಿಗೂ ‘ದಂಡ’ ಎನ್ನುತ್ತಾರೆ. ಶಿಕ್ಷಿಸುವ ಶಕ್ತಿಯೇ ರಾಜ್ಯದ ಬಲವಾದುದರಿಂದ ಸೈನ್ಯವೆಂಬ ಅರ್ಥವೂ ಸೇರಿತು. ಕನ್ನಡದ ‘ದಂಡು’ ಎಂಬುದು ಇದೇ. ಬೆಂಗಳೂರಿನ ಸೈನಿಕ ವಸತಿಯ ಪ್ರದೇಶಕ್ಕೆ ‘ದಂಡು’ ಎಂಬ ಹೆಸರು ಉಳಿದುಬಂದಿರುವುದು ಈ ಕಾರಣದಿಂದಲೇ. ಆದುದರಿಂದ ದಂಡನಾಯಕನೆಂದರೆ ಸೈನ್ಯದ ಮುಖ್ಯಸ್ಥ. ಎಷ್ಟೋ ಸಂದರ್ಭಗಳಲ್ಲಿ ಅವನು ಸೇನಾಪತಿಯೂ ಮಂತ್ರಿಯೂ ಪ್ರಾಂತಾಧಿಕಾರಿಯೂ ಆಗಿರುತ್ತಿದ್ದನು.

ಸಂಸ್ಕೃತ ಪದಗಳು ಕನ್ನಡಿಗರ ನಾಲಗೆಯಲ್ಲಿ ಮಾರ್ಪಟ್ಟು ತದ್ಭವಗಳಾಗುವ ಬಗೆಯನ್ನು 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ವಿವರಿಸಿದ್ದಾನೆ. ‘ದಂಡನಾಯಕ’ ಎಂಬುದೂ ಹೀಗೆ ಮಾರ್ಪಟ್ಟು ‘ದಣ್ಣಾಯಕ’, ‘ದಣಾಯಕ’, ‘ಡಣಾಯಕ’ ಎಂಬ ರೂಪಗಳನ್ನು ತಳೆಯಿತು. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಈ ರೂಪಗಳು ದೊರೆಯುತ್ತವೆ.

ಇಲ್ಲಿಂದ ಮುಂದಿನ ಹೆಜ್ಜೆ ಸ್ವಾರಸ್ಯಕರವಾದುದು. ಪದವೊಂದರ ಮೂಲಾರ್ಥ ಮರೆತುಹೋದಾಗ ಜನರು ಅದನ್ನು ತಮಗೆ ತಿಳಿದ ಇನ್ನೊಂದು ಪದದ ಅಚ್ಚಿಗೆ ಹೊಂದಿಸಿಕೊಳ್ಳುತ್ತಾರೆ. ಇದನ್ನು ಭಾಷಾಶಾಸ್ತ್ರಜ್ಞರು ಜನಪದ ನಿರುಕ್ತಿ ಎನ್ನುತ್ತಾರೆ. ಊರಿನ ಲೆಕ್ಕ ಬರೆಯುವ ‘ಸೇನಬೋವ’ನು ಕಾಲಕ್ರಮದಲ್ಲಿ ‘ಶಾನುಭೋಗ’ನಾಗಿ, ‘ಬೋವ’ನಿದ್ದ ಸ್ಥಳದಲ್ಲಿ ‘ಭೋಗ’ ಬಂದು ಕುಳಿತುದು ಇಂತಹುದೇ. ‘ದಣ್ಣಾಯಕ’ ಎಂಬಲ್ಲಿ ‘ನಾಯಕ’ನ ದನಿಯನ್ನು ಗುರುತಿಸಿದ ಜನರಿಗೆ ಉಳಿದ ‘ದಣ್ಣ್’ ಎಂಬುದು ಏನೆಂದು ಅರ್ಥವಾಗಲಿಲ್ಲ. ಅದಕ್ಕೆ ಸಮೀಪವಾದ ಮನೆಮಾತು ‘ದೊಣ್ಣೆ’. ದಣ್ಣಾಯಕನು ದೊಣ್ಣೆನಾಯಕನಾದನು. ರೂಪವನ್ನೂ ಅರ್ಥವನ್ನೂ ಒಟ್ಟಿಗೆ ಪರಿಶೀಲಿಸಿದರೆ ಈ ವ್ಯುತ್ಪತ್ತಿಯೇ ಸಯುಕ್ತಿಕವಾದುದು. ಕೋಲಿನಿಂದ ಹೊರಟು ಸೈನ್ಯದವರೆಗೆ ಏರಿದ್ದ ಶಬ್ದವನ್ನು ಜನರು ತಾವರಿಯದೆಯೇ ಮರಳಿ ಕೋಲಿಗೆ ತಂದು ನಿಲ್ಲಿಸಿದರೆಂಬುದು ಇಲ್ಲಿನ ವಿಶೇಷ.

3. ನಿಜವಾದ ದಣ್ಣಾಯಕರು

ಈ ಹೆಸರನ್ನು ಹೊತ್ತವರು ಎಂತಹವರಾಗಿದ್ದರೆಂಬುದನ್ನು ಎರಡು ಮೂರು ನಿದರ್ಶನಗಳಿಂದ ತಿಳಿಯಬಹುದು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟ ವೀರ. ಇದೇ ವಿಷ್ಣುವರ್ಧನನು ಗೆದ್ದ ಸ್ಥಳಗಳ ಪಟ್ಟಿಯಲ್ಲಿ ಮುಳಬಾಗಿಲು ತಾಲ್ಲೂಕಿನ ನಂಗಲಿಯ ಹೆಸರೂ ಬರುವುದರಿಂದ ಈ ಸೀಮೆಗೂ ಆ ಕಾಲದ ದಂಡಿಗೂ ಸಂಬಂಧವುಂಟು. ವಿಜಯದಿಂದ ಸಂತುಷ್ಟನಾದ ಅರಸನು ಬೇಕಾದುದನ್ನು ಬೇಡೆಂದಾಗ ಗಂಗರಾಜನು ಗ್ರಾಮವೊಂದನ್ನು ಬೇಡಿ ಪಡೆದು, ತನ್ನ ತಾಯಿಯೂ ಮಡದಿಯೂ ಕಟ್ಟಿಸಿದ್ದ ಬಸದಿಗಳಿಗೆ ಅದನ್ನು ದತ್ತಿಯಾಗಿ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ.

ವಿಜಯನಗರದ ಕಾಲದಲ್ಲಿ ಮುಳಬಾಗಿಲು ಒಂದು ಪ್ರಾಂತದ ರಾಜಧಾನಿಯಾಗಿತ್ತು. ಎರಡನೆಯ ದೇವರಾಯನ ಆಳ್ವಿಕೆಯಲ್ಲಿ (1424-1446) ಲಕ್ಕಣ್ಣ ಮತ್ತು ಮಾದಣ್ಣ ಎಂಬ ಸೋದರರು ಇಲ್ಲಿ ಅಧಿಕಾರ ನಡೆಸಿದರು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದುದರಿಂದ ಆ ಕಾಲದ ಅಧಿಕಾರಿಗಳ ವಿಷಯ ತಿಳಿಯಲು ಅನುಕೂಲವಾಯಿತು. ಈ ಲಕ್ಕಣ್ಣನೇ ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದ ಲಕ್ಕಣ್ಣ ದಂಡೇಶನೆಂದು ಪ್ರಸಿದ್ಧನಾದವನು. ರಾಜ್ಯಭಾರವನ್ನೂ ದಂಡಯಾತ್ರೆಯನ್ನೂ ನಿರ್ವಹಿಸುತ್ತಲೇ ಶಿವಶರಣರ ಚರಿತ್ರೆ ಮತ್ತು ತತ್ತ್ವಗಳ ಬೃಹತ್ಕೋಶದಂತಿರುವ ಷಟ್ಪದಿ ಗ್ರಂಥವನ್ನು ಬರೆದ ಈತನು ಕೋಲಾರ ಸೀಮೆಯವರು ನೆನೆಯಬೇಕಾದ ದಣ್ಣಾಯಕ.

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಈ ಅಧಿಕಾರಿಯನ್ನು ‘ದಣಾಯಕ’ ಎಂಬ ಹೆಸರಿನಿಂದಲೇ ಕರೆದು, ಅವನ ನ್ಯಾಯಸ್ಥಾನವನ್ನು ಕಣ್ಣಾರೆ ಕಂಡಂತೆ ಚಿತ್ರಿಸಿದ್ದಾನೆ. ಅವನ ವರ್ಣನೆಯ ಸಾರಾಂಶವಿದು: ಕಂಬಗಳ ದೊಡ್ಡ ಚಾವಡಿಯಲ್ಲಿ ಎತ್ತರದ ಪೀಠದ ಮೇಲೆ ದಣಾಯಕನೊಬ್ಬನೇ ಕುಳಿತಿರುತ್ತಾನೆ. ಕೆಳಗೆ ಎರಡು ಸಾಲಾಗಿ ದಂಡಧಾರಿಗಳು ನಿಂತಿರುತ್ತಾರೆ. ದೂರು ತಂದವರು ಆ ಸಾಲುಗಳ ನಡುವೆ ಬಂದು ವಂದಿಸಿ ತಮ್ಮ ಅಹವಾಲನ್ನು ಹೇಳಿಕೊಳ್ಳುತ್ತಾರೆ. ಅವನು ನಾಡಿನ ನಿಯಮದಂತೆ ತೀರ್ಪು ಕೊಡುತ್ತಾನೆ. ಅವನು ಎದ್ದು ಅರಮನೆಗೆ ಹೊರಟಾಗ ಬಣ್ಣಬಣ್ಣದ ಕೊಡೆಗಳು ಮುಂದೆ ಸಾಗುತ್ತವೆ, ಕಹಳೆಗಳು ಮೊಳಗುತ್ತವೆ, ಇಕ್ಕೆಲದಲ್ಲಿ ಹೊಗಳುಭಟರು ಹೊಗಳುತ್ತಾರೆ. ಅರಸನಿರುವಲ್ಲಿಗೆ ಹೋಗಲು ಏಳು ಬಾಗಿಲುಗಳನ್ನು ದಾಟಬೇಕು. ಒಂದೊಂದು ಬಾಗಿಲಿನಲ್ಲಿಯೂ ಒಂದೊಂದು ಕೊಡೆ ಹಿಂದೆ ಉಳಿಯುತ್ತದೆ. ಏಳನೆಯ ಬಾಗಿಲನ್ನು ದಾಟುವಾಗ ದಣಾಯಕನು ಒಂಟಿಯಾಗಿ ಒಳಗೆ ಹೋಗುತ್ತಾನೆ.

ಈ ಚಿತ್ರದಲ್ಲಿ ಎರಡು ಅಂಶಗಳು ಗಮನಾರ್ಹ. ಕೊಡೆ, ಕಹಳೆ, ಹೊಗಳಿಕೆಗಳ ವೈಭವಕ್ಕೆ ಮೊದಲು ಜನರ ದೂರನ್ನು ಕೇಳುವ ಕೆಲಸವಿದ್ದಿತು. ಆ ವೈಭವಕ್ಕೆ ಮಿತಿಯೂ ಇದ್ದಿತು. ಕೊಡೆಯನ್ನು ಎಲ್ಲಿ ಇಳಿಸಬೇಕೆಂಬುದು ದಣಾಯಕನಿಗೆ ತಿಳಿದಿತ್ತು.

4. ಪದವಿ ಅಳಿದರೂ ಪದ ಅಳಿಯಲಿಲ್ಲ

1565ರ ರಕ್ಕಸ-ತಂಗಡಿ ಕಾಳಗದ ತರುವಾಯ ವಿಜಯನಗರದ ವೈಭವ ಕುಂದಿತು. ಅದರೊಡನೆ ದಣ್ಣಾಯಕನೆಂಬ ಪದವಿಯೂ ಕ್ರಮೇಣ ಮರೆಯಾಯಿತು. ಸ್ಥಳನಾಮಗಳಲ್ಲಿ ಮಾತ್ರ ಅದು ಗೌರವದಿಂದ ಉಳಿಯಿತು. ಹಂಪೆಯಲ್ಲಿ ಡಣಾಯಕನ ಆವರಣವಿದೆ. ಹೊಸಪೇಟೆಯ ಸಮೀಪದಲ್ಲಿ ಡಣಾಯಕನಕೆರೆಯಿದೆ. ಸತ್ಯಮಂಗಲದ ಬಳಿ ಇದ್ದ ದಣ್ಣಾಯಕನಕೋಟೆಯು 1950ರ ದಶಕದಲ್ಲಿ ಭವಾನಿಸಾಗರ ಜಲಾಶಯದಲ್ಲಿ ಮುಳುಗಿಹೋಯಿತು.

ಜನರ ಬಾಯಲ್ಲಿ ಉಳಿದ ಪದದ ಗತಿ ಬೇರೆಯಾಯಿತು. ದಂಡು ಇಲ್ಲ, ಚಾವಡಿ ಇಲ್ಲ, ದೂರು ಕೇಳುವ ಕೆಲಸವಿಲ್ಲ. ಆದರೂ ಊರೂರಿನಲ್ಲಿ ಆಜ್ಞೆ ಮಾಡುವ ಗತ್ತಿನವರು ಇದ್ದೇ ಇದ್ದರು. ಅಂತಹವರಿಗೆ ಜನರು ಈ ಹಳೆಯ ಬಿರುದನ್ನು ದಯಪಾಲಿಸಿದರು. ದಣ್ಣಾಯಕರು ಕೆಟ್ಟವರಾಗಿದ್ದುದರಿಂದ ಪದ ಕೆಡಲಿಲ್ಲ; ಕೆಲಸವಿಲ್ಲದೆ ಗತ್ತು ಮಾತ್ರ ಉಳಿದವರಿಗೆ ಅನ್ವಯವಾದುದರಿಂದ ಕೆಟ್ಟಿತು. “ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ” ಎಂಬ ಗಾದೆಯ ಇಂಗಿತವೂ ಇದೇ. ಕೊಡೆಯು ಒಂದು ಕಾಲದಲ್ಲಿ ಅಧಿಕಾರದ ಲಾಂಛನ. ಅದನ್ನು ಎಲ್ಲಿ ಇಳಿಸಬೇಕೆಂದು ದಣಾಯಕನು ಬಲ್ಲನು, ಯಾವಾಗ ಹಿಡಿಯಬೇಕೆಂದೂ ಅಲ್ಪನು ಅರಿಯನು.

5. ಇದೇ ದಾರಿಯಲ್ಲಿ ಇಳಿದ ಇತರ ಪದಗಳು

ದೊಣ್ಣೆನಾಯಕನು ಒಂಟಿಯಲ್ಲ. ಕೋಲಾರ ಸೀಮೆಯು ಕಂಡ ಒಂದೊಂದು ಆಳ್ವಿಕೆಯೂ ಇಂತಹ ಪದಗಳನ್ನು ಬಿಟ್ಟುಹೋಗಿದೆ. ‘ಪಾಳೆಯ’ವೆಂದರೆ ಸೈನ್ಯದ ಬೀಡು, ಅದರ ಒಡೆಯ ಪಾಳೆಯಗಾರ. ಸುಗಟೂರಿನ ತಮ್ಮೇಗೌಡನ ಮನೆತನ, ಆವತಿಯ ನಾಡಪ್ರಭುಗಳು ಮೊದಲಾದವರು ಈ ಸೀಮೆಯ ಪಾಳೆಯಗಾರರು. ಕೋಟೆ ಕಟ್ಟಿಸಿದವರು, ಪೇಟೆ ನೆಲೆಗೊಳಿಸಿದವರು. ಇಂದು ‘ಪಾಳೇಗಾರಿಕೆ’ ಎಂದರೆ ದಬ್ಬಾಳಿಕೆ ಎಂದೇ ಅರ್ಥ.

17ನೆಯ ಶತಮಾನದ ಮಧ್ಯಭಾಗದಲ್ಲಿ ಕೋಲಾರವು ಬಿಜಾಪುರದ ವಶವಾಗಿ ಷಹಜಿಯ ಜಹಗೀರಿಗೆ ಸೇರಿತು. ತರುವಾಯ ಮೊಗಲರ ಶಿರಾ ಸುಭಾಕ್ಕೆ ಒಳಪಟ್ಟಿತು. ಹೈದರಾಲಿಯ ತಂದೆ ಫತೇ ಮಹಮ್ಮದನು ಕೋಲಾರದ ಫೌಜುದಾರನಾಗಿದ್ದನು. ಹೈದರನು ಹುಟ್ಟಿದುದು ಬೂದಿಕೋಟೆಯಲ್ಲಿ. ಈ ಆಡಳಿತಗಳೊಡನೆ ಪಾರಸಿ-ಅರಬ್ಬಿ ಮೂಲದ ಅನೇಕ ಪದಗಳು ಕನ್ನಡನಾಡಿನ ಹಳ್ಳಿಗಳನ್ನು ಹೊಕ್ಕವು. ‘ದರ್ಬಾರು’ ಎಂದರೆ ರಾಜಸಭೆ; “ಇಲ್ಲಿ ನಿನ್ನ ದರ್ಬಾರು ನಡೆಯೋದಿಲ್ಲ” ಎಂಬಲ್ಲಿ ಅದು ದರ್ಪ. ‘ದೌಲತ್ತು’ ಎಂದರೆ ರಾಜ್ಯ ಅಥವಾ ಐಶ್ವರ್ಯ. ಆಡುಮಾತಿನಲ್ಲಿ ಅದು ಧನಮದ. ‘ಖದರು’ ಎಂದರೆ ಬೆಲೆ, ಯೋಗ್ಯತೆ. ಈಗ ಅದು ಬರಿಯ ಠೀವಿ. ‘ದಿಮಾಕು’ ಎಂಬ ಪದಕ್ಕೆ ಮೂಲದಲ್ಲಿ ಮಿದುಳೆಂದು ಅರ್ಥ. ಕನ್ನಡದಲ್ಲಿ ದಿಮಾಕು ಇದ್ದವನಿಗೆ ಮಿದುಳು ಇರಲೇಬೇಕೆಂಬ ನಿಯಮವಿಲ್ಲ. ‘ಬಡಾಯಿ’ ಎಂಬುದು ಹಿಂದಿಯಲ್ಲಿ ದೊಡ್ಡತನ. ಇಲ್ಲಿ ದೊಡ್ಡತನವಿಲ್ಲದವನು ಕೊಚ್ಚಿಕೊಳ್ಳುವ ಮಾತು.

ತಾಲ್ಲೂಕಿನ ಕೇಂದ್ರವಾದ ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿದ್ದಿತು. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟರು. ದಿವಾನನೊಬ್ಬನ ಮಾತಿನಿಂದ ಊರಿನ ಹೆಸರೇ ಬದಲಾಗುತ್ತಿದ್ದ ಕಾಲ ಅದು. ಆ ಪದವಿಯೂ ಕಾಲಗರ್ಭವನ್ನು ಸೇರಿ, “ದೊಡ್ಡ ದಿವಾನನ ಹಾಗೆ ಕುಳಿತಿದ್ದಾನೆ” ಎಂಬ ಹಂಗಿಸುವ ಮಾತು ಉಳಿಯಿತು. ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲ, ಶಾನುಭೋಗ ಮೊದಲಾದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಆದರೂ ಯಾರಾದರೂ ಅನಗತ್ಯವಾಗಿ ಅಪ್ಪಣೆ ಮಾಡಿದರೆ “ಇವನೇನು ಊರ ಪಟೇಲನೇ?” ಎಂದು ಕೇಳುವುದು ನಿಂತಿಲ್ಲ.

ಈ ಪದಗಳಲ್ಲಿ ಯಾವುದೂ ಹುಟ್ಟಿನಿಂದ ಕೆಟ್ಟದಲ್ಲ. ರಾಜಸಭೆ, ಐಶ್ವರ್ಯ, ಯೋಗ್ಯತೆ, ಮಿದುಳು, ದೊಡ್ಡತನ ಇವೆಲ್ಲವೂ ಮನುಷ್ಯನು ಬಯಸತಕ್ಕವೇ. ವಸ್ತುವನ್ನು ಬಿಟ್ಟು ಅದರ ಹೆಸರನ್ನು ಮಾತ್ರ ಹಿಡಿದವರಿಂದ ಹೆಸರೂ ಕೆಟ್ಟಿತು.

6. ಹೊರನಾಡಿನ ನಿದರ್ಶನ

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಪ್ರವೃತ್ತಿಯಲ್ಲ. ಅರಬ್ಬಿಯಲ್ಲಿ ಪ್ರತಿನಿಧಿ ಎಂಬ ಅರ್ಥದ ಪದದಿಂದ ‘ನವಾಬ’ ಬಂದಿತು. ಭಾರತದಲ್ಲಿ ಹಣ ಗಳಿಸಿ ಇಂಗ್ಲೆಂಡಿಗೆ ಮರಳಿ ಮೆರೆದ ಈಸ್ಟ್ ಇಂಡಿಯಾ ಕಂಪೆನಿಯ ನೌಕರರನ್ನು ಅಲ್ಲಿನ ಜನರು ‘ನೇಬಾಬ್’ ಎಂದು ಮೂದಲಿಸಿದರು. 1772ರಲ್ಲಿ ಸ್ಯಾಮ್ಯುಯೆಲ್ ಫೂಟ್ ಎಂಬಾತನು ಅದೇ ಹೆಸರಿನ ಪ್ರಹಸನವನ್ನು ರಂಗಕ್ಕೆ ತಂದನು. 1885ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಗಿಲ್ಬರ್ಟ್ ಮತ್ತು ಸಲಿವನ್ನರ ‘ದಿ ಮಿಕಾಡೊ’ ಎಂಬ ಗೀತನಾಟಕದಲ್ಲಿ ‘ಪೂಬಾ’ ಎಂಬ ಪಾತ್ರವುಂಟು. ಅವನು ರಾಜ್ಯದ ಹೆಚ್ಚುಕಡಿಮೆ ಎಲ್ಲ ಹುದ್ದೆಗಳನ್ನೂ ತಾನೊಬ್ಬನೇ ವಹಿಸಿಕೊಂಡು ಎಲ್ಲದರ ಸಂಬಳವನ್ನೂ ಪಡೆಯುವವನು. ಬಿರುದುಗಳ ಭಾರದಿಂದ ಬೀಗುವವನಿಗೆ ಇಂಗ್ಲಿಷಿನಲ್ಲಿ ಅವನ ಹೆಸರೇ ಅಡ್ಡಹೆಸರಾಯಿತು. ಇಂಗ್ಲಿಷರ ಪೂಬಾ ನಾಟಕಕಾರನ ಕಲ್ಪನೆ. ಕನ್ನಡಿಗರ ದೊಣ್ಣೆನಾಯಕನು ಚರಿತ್ರೆಯ ಮಗ.

7. ಪ್ರಶ್ನೆಯನ್ನು ಯಾರು ಯಾರಿಗೆ ಕೇಳುತ್ತಾರೆ?

ಪದದ ಮೂಲವನ್ನು ತಿಳಿದ ಮಾತ್ರಕ್ಕೆ ಪಾಠ ಮುಗಿಯುವುದಿಲ್ಲ. ಅದರ ಪ್ರಯೋಗವನ್ನು ಸೂಕ್ಷ್ಮವಾಗಿ ನೋಡಬೇಕು. ಅನ್ಯಾಯವಾಗಿ ಅಪ್ಪಣೆ ಮಾಡುವವನನ್ನು ಸಾಮಾನ್ಯನೊಬ್ಬನು “ನೀನ್ಯಾವ ದೊಣ್ಣೆನಾಯಕ?” ಎಂದು ಕೇಳಿದರೆ, ಆ ಮಾತು ಒರಟಾದರೂ ಅದರೊಳಗೆ ಒಂದು ನ್ಯಾಯವಿದೆ. “ಈ ಅಧಿಕಾರವನ್ನು ನಿನಗೆ ಕೊಟ್ಟವರು ಯಾರು?” ಎಂಬುದು ಅದರ ತಾತ್ಪರ್ಯ.

ಆದರೆ ಇಂದು ಇದೇ ಪ್ರಶ್ನೆ ಬಹಳ ಸಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಲೆಕ್ಕ ಕೇಳಿದ ಕೂಲಿಯವನಿಗೆ, ರಸೀತಿ ಕೇಳಿದ ರೈತನಿಗೆ, ಸರದಿ ತಪ್ಪಿದುದನ್ನು ತೋರಿಸಿದ ಮುದುಕಿಗೆ “ಕೇಳೋಕೆ ನೀನ್ಯಾವ ದೊಣ್ಣೆನಾಯಕ?” ಎಂಬ ಉತ್ತರ ಬರುತ್ತದೆ. ಆಗ ನಿಜವಾದ ದೊಣ್ಣೆನಾಯಕನು ಪ್ರಶ್ನೆಯನ್ನು ಎಸೆದವನೇ ಹೊರತು ಕೇಳಿಸಿಕೊಂಡವನಲ್ಲ. ಗತ್ತಿನವರನ್ನು ತಡೆಯಲು ಜನರು ಮಾಡಿಕೊಂಡ ಮಾತನ್ನು ಗತ್ತಿನವರೇ ಕಸಿದುಕೊಂಡು, ಪ್ರಶ್ನಿಸುವವರ ಬಾಯಿ ಮುಚ್ಚಿಸಲು ಬಳಸುತ್ತಾರೆ. ‘ಅಧಿಕಪ್ರಸಂಗಿ’ ಎಂಬ ಪದಕ್ಕೂ ಇದೇ ಗತಿಯೊದಗಿದೆ. ಪ್ರಸಂಗವನ್ನು ಮೀರಿ ಮಾತನಾಡುವವನು ಎಂಬುದು ಅದರ ಅರ್ಥ. ಪಾಠದ ನಡುವೆ ಸಂದೇಹವನ್ನು ಕೇಳಿದ ಬಾಲಕನನ್ನೂ ಹಿರಿಯರೆದುರು ನಿಜ ನುಡಿದ ಬಾಲಕಿಯನ್ನೂ ಅಧಿಕಪ್ರಸಂಗಿಯೆಂದು ಗದರಿದರೆ, ಆ ಮಕ್ಕಳು ಮುಂದೆ ಪ್ರಶ್ನಿಸುವುದನ್ನೇ ಬಿಡುತ್ತಾರೆ. ಸಂದೇಹ ಕೇಳುವುದು ಪ್ರಸಂಗವನ್ನು ಮೀರಿದ ಮಾತಲ್ಲ. ವಿದ್ಯಾಶಾಲ��ಯಲ್ಲಿ ಅದೇ ಪ್ರಸಂಗ.

ಈ ಸಂದರ್ಭದಲ್ಲಿ ಇನ್ನೊಬ್ಬ ದಣ್ಣಾಯಕರನ್ನು ನೆನೆಯದೆ ಇರಲಾಗದು. ಕಲ್ಯಾಣದ ಬಿಜ್ಜಳನ ಆಸ್ಥಾನದಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದರೆಂದೂ ದಂಡನಾಯಕರಾದರೆಂದೂ ಹರಿಹರನ ರಗಳೆಯು ತಿಳಿಸುತ್ತದೆ. ಅವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನೆಂಬ ಶರಣನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಮಡದಿ ಲಕ್ಕಮ್ಮನು, ಅಗತ್ಯಕ್ಕಿಂತ ಮಿಗಿಲಾದುದು ಆಸೆಯೆಂದು ಎಚ್ಚರಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಶರಣಚರಿತ್ರೆಗಳು ಸಾರುತ್ತವೆ. ನಾಡಿನ ದಂಡನಾಯಕರ ಮನೆಯ ಅಕ್ಕಿಯನ್ನು ಬೇಡವೆಂದವಳು ಯಾವ ಹುದ್ದೆಯೂ ಇಲ್ಲದ ಒಬ್ಬ ಹೆಣ್ಣುಮಗಳು. “ನೀನ್ಯಾರು ಹೇಳುವುದಕ್ಕೆ?” ಎಂದು ಅವಳನ್ನು ಯಾರೂ ಕೇಳಲಿಲ್ಲ. ಬದಲಾಗಿ ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದರು.

8. ವಿದ್ಯಾರ್ಥಿಗಳಿಗೆ ಒಂದು ಕೆಲಸ

ಯಲ್ದೂರು ಹೋಬಳಿಯು ಕನ್ನಡ-ತೆಲುಗುಗಳೆರಡೂ ಕೂಡಿ ಬಾಳುವ ಗಡಿಸೀಮೆ. ಕನ್ನಡದಲ್ಲಿ ವ್ಯಂಗ್ಯವಾಗಿ ‘ದೊಡ್ಡ ಮನುಷ್ಯ’ ಎನ್ನುವಂತೆ ತೆಲುಗಿನಲ್ಲಿ ‘ಪೆದ್ದಮನಿಷಿ’ ಎನ್ನುತ್ತಾರೆ. ಇಂತಹ ಮಾತುಗಳು ಹಿರಿಯರ ನಾಲಗೆಯಲ್ಲಿ ಇನ್ನೂ ಎಷ್ಟೋ ಉಳಿದಿವೆ. ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜ-ಅಜ್ಜಿಯರನ್ನು ಕೇಳಿ ಅವುಗಳನ್ನು ಬರೆದಿಡಬಹುದು. ಬರೆಯುವಾಗ ಪದ ಮತ್ತು ಅದರ ಅರ್ಥಗಳೆಂಬ ಎರಡು ಅಂಕಣಗಳು ಸಾಲವು. ಆ ಮಾತನ್ನು ಯಾರು ಆಡಿದರು, ಯಾರಿಗೆ ಆಡಿದರು ಎಂಬುದಕ್ಕೆ ಮೂರನೆಯ ಅಂಕಣವೊಂದು ಅವಶ್ಯಕ. ಪದವು ಮೂದಲಿಕೆಯಾಗಿದೆಯೋ ನ್ಯಾಯವಾಗಿದೆಯೋ ಎಂಬುದು ಆ ಮೂರನೆಯ ಅಂಕಣದಲ್ಲಿ ತಿಳಿಯುತ್ತದೆ.